ಕಾರಣ ಕೇಳಿದರೆ ಏನು ಹೇಳಲಿ

ಮಕ್ಕಳೇ, ಗೋಡೆಯ ಗೂಡಿನಲ್ಲಿ ಮೈಸೂರುಪಾಕಿನ ಡಬ್ಬಿಯೊಂದು ಇಟ್ಟಹಾಗೇ ಇದೆ. ಮುಚ್ಚಳ ತೆಗೆದಿಲ್ಲ, ಆದರೂ ತುಪ್ಪದ ವಾಸನೆ ನಡುಮನೆಯವರೆಗೂ ಬರುತ್ತದೆ. ನಿಮ್ಮೆಲ್ಲರ ದೊಡ್ಡಕ್ಕ ಭವ್ಯಳನ್ನು ನೋಡಿಹೋದ ಸಿರಾದ ಕಡೆಯವರು ಕೊಟ್ಟಿದ್ದು. ಮೊನ್ನೆ ಮಿಡಿಗೇಶಿಗೆ ಬಂದವಳು ಅದನ್ನು ಇಲ್ಲಿಟ್ಟು, "ಅಜ್ಜಿ, ಹುಡುಗ ಚೆನ್ನಾಗವ್ನೆ, ಕೆಲ್ಸ ಐತೆ, ಎಲ್ಲಾ ಸರಿ. ಯಾಕೋ ಬ್ಯಾಡ ಅನ್ಸುತ್ತೆ" ಅಂದಳು.

ನಾನು ಏನಂದೆ ಗೊತ್ತೇ? "ಯಾಕೆ?" ಅಂದೆ.

"ಏನಿಲ್ಲ ಬುಡಜ್ಜಿ" ಎಂದು ಅವಳು ಬಸ್ಸಿಗೆ ಹೊರಟುಬಿಟ್ಟಳು.

ಮಾತು ನನಗೆ ಮೊದಲಿಂದಲೂ ಕಷ್ಟ. ಬಸ್ಸಿನಲ್ಲಿ "ಇಳೀಬೇಕು" ಅನ್ನಲು ನಾಚಿ, ಮುಂದಿನ ಊರಿನಲ್ಲಿ ಇಳಿದು ಬಿಸಿಲಲ್ಲಿ ವಾಪಸ್ಸು ನಡೆದು ಬಂದವಳು ನಾನು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆದರೆ ಒಳಗೆ ಅನ್ನಿಸುವುದಕ್ಕೆ ಯಾವ ಸಂಕೋಚವೂ ಇರಲಿಲ್ಲ. ಹಸು ಇವತ್ತೇ ಕರು ಹಾಕುತ್ತದೆ ಎಂದು ನಾನಂದರೆ ನಿಮ್ಮ ತಾತ ಹೊಲಕ್ಕೆ ಹೋಗುವುದನ್ನೇ ಬಿಡುತ್ತಿದ್ದರು. ಮೋಡ ನೋಡಿ, "ಹುಣಸೆಹಣ್ಣು ಒಳಗೆ ತಕ್ಕೊಳ್ಳಿ" ಅಂದರೆ ಗೋಣಿ ಎತ್ತುತ್ತಿದ್ದರು. "ನಮ್ಮನೆ ರೇಡಿಯೋ ಇದು" ಎಂದು ಬಂದವರ ಮುಂದೆ ನಗುತ್ತಿದ್ದರು. ಆಗೆಲ್ಲ ಕಾರಣ ಕೇಳಿದವರಿಲ್ಲ.

ನಿಮ್ಮಮ್ಮನಿಗೆ ಸಂಬಂಧ ಬಂದಾಗ ಪಾವಗಡದಾಚೆಯ ಆ ಮನೆಯನ್ನು ನೋಡಲು ಹೋಗಿದ್ದೆವು. ಒಳ್ಳೆಯ ಮನೆ. ಹುಡುಗ ನಗುನಗುತ್ತಾ ಮಾತಾಡಿ ಹೊರಗೆ ಹೋದ. ಅವನ ತಾಯಿ, "ಇಂಕಾ ಕೊಂಚೆಂ ಯೇಸ್ಕೋಂಡಿ, ಇನ್ನೊಂಚೂರು ಹಾಕಿಸ್ಕೊಳ್ಳಿ, ಸಂಕೋಚ ಪಡಬ್ಯಾಡಿ" ಎಂದು ತೆಲುಗು, ಕನ್ನಡ ಬೆರೆಸಿ ಉಪಚಾರ ಮಾಡುತ್ತಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಅವನ ಚಪ್ಪಲಿ ಸದ್ದಾಯಿತು. ಆಕೆಯ ಕೈ ನನ್ನ ಎಲೆಯ ಮೇಲೆ ಹಾಗೇ ನಿಂತಿತು. ಮೂಲೆಯಲ್ಲಿ ಆಡುತ್ತಿದ್ದ ಮಗುವೊಂದು ಬಾಯಿ ಮುಚ್ಚಿಕೊಂಡಿತು. ಅವನು ಬಂದ, ನೀರು ಕುಡಿದ, ಹೋದ. ಕೈ ಮತ್ತೆ ಬಡಿಸಿತು. ಅಷ್ಟೇ.

ಬಸ್ಸಿನಲ್ಲಿ ನಿಮ್ಮ ತಾತನಿಗೆ, "ಯಾಕೋ ಮನಸ್ಸು ಒಪ್ತಿಲ್ಲ" ಅಂದೆ.

"ಯಾಕೆ? ಏನ್ ಕಮ್ಮಿ ಆಗೈತೆ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ಮೇಲೆ ಇನ್ನೇನ್ಲೇ? ಜನಕ್ಕೆ ಏನಂತ ಹೇಳ್ಲಿ, ನನ್ ಹೆಂಡ್ರಿಗೆ ಹೊಟ್ಟೆ ಹಿಂಡ್ತು ಅಂತಲಾ?"

ಪಕ್ಕದ ಸೀಟಿನವರೂ ನಕ್ಕರು. ನಾನೂ ನಕ್ಕೆ. ತಾತ ಕೆಟ್ಟವರಲ್ಲ. ನನ್ನ ಸಮಾಧಾನಕ್ಕೆಂದೇ ದೇವರ ಗುಡಿಗೆ ಕರೆದುಕೊಂಡು ಹೋಗಿ ಹೂವು ಕೇಳಿಸಿದರು. ಹೂವು ಬಲಕ್ಕೆ ಬಿತ್ತು. "ನೋಡ್ದಾ? ಈಗ ನೆಮ್ಮದಿಯಾಯ್ತಾ?" ಅಂದರು. ದೇವರೇ ಹೂ ಕೊಟ್ಟ ಮೇಲೆ ನನ್ನ ಮನಸ್ಸಿಗೇ ಏನೋ ಕೊಳೆ ಇದೆ ಅಂದುಕೊಂಡೆ. ಆಮೇಲೆ ಹಸುವಿನ ವಿಷಯದಲ್ಲೂ ಬಾಯಿ ಬಿಡಲಿಲ್ಲ.

ಮದುವೆಯಾಗಿ ಮೊದಲ ಹಬ್ಬಕ್ಕೆ ಬಂದ ಮಗಳು ನಮ್ಮ ಅಡಿಗೆಮನೆಯಲ್ಲೇ ಹೋಳಿಗೆ ತಟ್ಟುತ್ತಿದ್ದಳು. ಹೊರಗೆ ಅಳಿಯನ ಚಪ್ಪಲಿ ಸದ್ದಾಯಿತು. ಅವಳ ಕೈ ನಿಂತಿತು.

ನಿಮ್ಮಪ್ಪನ ವಿಷಯವನ್ನು ನಿಮಗೇ ಬರೆಯುವುದು ಸರಿಯಲ್ಲವೇನೋ. ಆದರೆ ಅದೇ ಮನೆಯಲ್ಲಿ ಬೆಳೆದವರು ನೀವು. ನಾನು ಹೊಸದಾಗಿ ಹೇಳುವಂಥದ್ದೇನಿದೆ? ಆ ಸಂಬಂಧ ಬಿಟ್ಟಿದ್ದರೆ ನೀವೇ ಇರುತ್ತಿರಲಿಲ್ಲ. ಆ ಯೋಚನೆ ಬಂದಾಗ ಯಾವ ಕಡೆಗೆ ತಿರುಗಬೇಕೋ ತಿಳಿಯುವುದಿಲ್ಲ.

ಭವ್ಯ ಹೋದ ಮೇಲೆ ನಿಮ್ಮಮ್ಮನಿಗೆ ಫೋನು ಮಾಡಿದೆ. "ಹುಡುಗಿಗೆ ಮನಸ್ಸಿಲ್ಲ, ನಿಲ್ಲಿಸ್ರಿ" ಅಂದೆ.

"ನಮ್ಮನೆಯವ್ರು ಮಾತು ಕೊಟ್ಬುಟ್ಟವ್ರಮ್ಮ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮ, ನನ್ ಬಾಳು ಇಂಗೇ ಆಗುತ್ತೆ ಅಂತ ನಿಂಗೆ ಆವಾಗ್ಲೇ ಗೊತ್ತಿತ್ತಾ?" ಅಂದಳು.

"ಗೊತ್ತಿರ್ಲಿಲ್ಲ ಕಣಮ್ಮ. ಅನ್ನಿಸಿತ್ತು."

ಅವಳು ಅಳಲಿಲ್ಲ. "ನಂಗೂ ಅನ್ನಿಸಿತ್ತಮ್ಮ" ಅಂದಳು. ಅಷ್ಟರಲ್ಲಿ ಯಾರೋ ಬಂದರೇನೋ, ಫೋನು ಕಟ್ಟಾಯಿತು.

ನಾವಿಬ್ಬರೂ ಒಂದೇ ಮನೆಯಲ್ಲಿ ಒಂದೇ ಒಲೆಯ ಮುಂದೆ ಕೂತು, ಒಬ್ಬರಿಗೊಬ್ಬರು ಹೇಳದೇ ಹೋದೆವು.

ಬೆಳಗಿನ ಬಸ್ಸಿಗೆ ನಾನೇ ಪಾವಗಡದಾಚೆಗೆ, ನಿಮ್ಮಪ್ಪನ ಮನೆಗೆ ಹೊರಡುತ್ತಿದ್ದೇನೆ. ನಿಮ್ಮಪ್ಪ ಕಾರಣ ಕೇಳುತ್ತಾರೆ. ನನ್ನ ಬಳಿ ಇವತ್ತಿಗೂ ಕಾರಣವಿಲ್ಲ. ನಿಜ ಹೇಳಬೇಕೆಂದರೆ, ಮಕ್ಕಳೇ, ಈ ಮದುವೆ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತಿಲ್ಲ. ನನ್ನ ಮನಸ್ಸು ಇದೊಂದು ಸಲವಾದರೂ ಸುಳ್ಳಾಗಲಿ ಎಂದು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೇನೆ.