ಮೂರನೆಯ ಸಲ ಹೋಗದ ಮನೆ

ಮುನಿಲಕ್ಷ್ಮಿ ಚಿನ್ನದ ಗಣಿಯ ನಂದಿದುರ್ಗದ ಅಂಗನವಾಡಿಗೆ ಟೀಚರಾಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಹುಟ್ಟೂರು ಕಾಮಸಮುದ್ರದ ಪಕ್ಕದ ಹಳ್ಳಿ. ಗಂಡ ಹೊಸೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ತವರಿಗೂ ಹೋಗದೆ, ಆಂಡರ್ಸನ್‌ಪೇಟೆಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಳು. ಬೆಳಿಗ್ಗೆ ಆಟೋದಲ್ಲಿ ಬಂದು ಮಕ್ಕಳಿಗೆ ಹಾಡು ಹೇಳಿಕೊಟ್ಟು, ಊಟ ಬಡಿಸಿ, ನಾಲ್ಕು ಗಂಟೆಗೆ ಬೀಗ ಹಾಕಿದರೆ ಆಮೇಲೆ ಮಾರನೆಯ ದಿನದವರೆಗೂ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಆರು ವರ್ಷದ ಹಿಂದೆ ಅವಳಿಗೆ ಬಿಎಲ್‌ಓ ಕೆಲಸವನ್ನೂ ಹಚ್ಚಿದರು. ಒಂದು ಮತಗಟ್ಟೆಗೆ ಸೇರಿದ ಮನೆಮನೆಗೂ ಹೋಗಿ ಯಾರು ಇದ್ದಾರೆ, ಯಾರು ಸತ್ತರು, ಯಾರು ಊರು ಬಿಟ್ಟರು ಎಂದು ವಿಚಾರಿಸಿ ಮತದಾರರ ಪಟ್ಟಿಯನ್ನು ಸರಿಯಾಗಿಡುವ ಕೆಲಸ. ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಲೈನ್ ಮನೆಗಳಿಂದ ಜನ ಹೋಗುತ್ತಲೇ ಇದ್ದರು. ಪಟ್ಟಿಯಲ್ಲಿ ಹೆಸರಿರುತ್ತಿತ್ತು, ಮನೆಯಲ್ಲಿ ಆಳಿರುತ್ತಿರಲಿಲ್ಲ. ಬೀಗ ಹಾಕಿದ ಮನೆಗೆ ಮೂರು ಸಲ ಹೋಗಬೇಕು, ಆಮೇಲೇ ಹೆಸರು ತೆಗೆಯಲು ಬರೆಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು.

ಒಂದು ಜುಲೈನಲ್ಲಿ ಲೈನಿನ ಕೊನೆಯ ಮನೆಗೆ ಅವಳು ಎರಡು ಸಲ ಹೋದಳು. ಅದು ಗಣಿಯಲ್ಲಿ ಮೂವತ್ತು ವರ್ಷ ದುಡಿದ ಕೋದಂಡಪ್ಪನ ಮನೆ. ಅವನೂ ಹೆಂಡತಿ ಮುನಿಗಂಗಮ್ಮನೂ ಇಬ್ಬರೇ. ಎರಡು ಸಲವೂ ಬೀಗ. ಪಕ್ಕದ ಮನೆಯ ಸೆಲ್ವಿ, "ಮಗಳ ಊರಿಗೆ ಓಗವ್ರೆ ಟೀಚರ್, ಆಂಬೂರ್‌ಗೆ. ಇನ್ನ ಬರಲ್ಲ ಅನ್ಸುತ್ತೆ" ಎಂದಳು.

ಮೂರನೆಯ ಸಲ ಹೋಗಬೇಕಾಗಿದ್ದದ್ದು ಮೊಹರಂ ಹಬ್ಬದ ಮಾರನೆಯ ಭಾನುವಾರ. ಜಿಟಿಜಿಟಿ ಮಳೆ. ಬೆಳಗಿನಿಂದ ನಲವತ್ತು ಮನೆ ಹತ್ತಿ ಇಳಿದು ಮಂಡಿ ನೋಯುತ್ತಿತ್ತು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ ಬಳಸಿಕೊಂಡು ಅಷ್ಟು ದೂರ ಹೋಗಿ ಮತ್ತೆ ಬೀಗ ನೋಡಿ ಬರುವುದೇನು ಎಂದುಕೊಂಡು, ಅಂಗನವಾಡಿಯ ಜಗಲಿಯಲ್ಲಿ ಕುಳಿತೇ "ಮೂರನೇ ಭೇಟಿ, ಬೀಗ" ಎಂದು ಬರೆದು ತಾರೀಖು ಹಾಕಿದಳು. ಕೆಲವು ವಾರದ ಮೇಲೆ ಕಚೇರಿಯಿಂದ ಬಂದ ನೋಟಿಸನ್ನು ಬೇರೆ ನೋಟಿಸುಗಳ ಜೊತೆ ಸೆಲ್ವಿಯ ಕೈಗೆ ಕೊಟ್ಟು, ಅವರವರ ಬಾಗಿಲ ಕೆಳಗೆ ತಳ್ಳಲು ಹೇಳಿ, ಯಾರು ಬಂದರು ಹೋದರು ಎಂದು ಕೇಳದೆ ಹೊರಟಳು. ಯಾರಿಂದಲೂ ಉತ್ತರ ಬರಲಿಲ್ಲ. ಎರಡು ಹೆಸರೂ ಪಟ್ಟಿಯಿಂದ ಹೋದವು.

ಮುಂದಿನ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ ಬಂತು. ಮತದಾನಕ್ಕೆ ಐದು ದಿನ ಇರುವಾಗ ಮತದಾರರ ಚೀಟಿ ಹಂಚುತ್ತ ಆ ಲೈನಿಗೆ ಹೋದವಳು ದೂರದಿಂದಲೇ ನಿಂತುಬಿಟ್ಟಳು. ಕೊನೆಯ ಮನೆಯ ಬಾಗಿಲು ತೆರೆದಿತ್ತು. ಕೋದಂಡಪ್ಪ ಹೊಸ್ತಿಲ ಮೇಲೆ ಕುಳಿತು ಬಿಳಿ ಅಂಗಿಗೆ ಗುಂಡಿ ಹಾಕಿ ಹೊಲಿಯುತ್ತಿದ್ದ. ಸೂಜಿಯನ್ನು ಕಣ್ಣಿನ ಹತ್ತಿರ ಹಿಡಿದಿದ್ದರಿಂದ ಅವಳನ್ನು ನೋಡಲಿಲ್ಲ. ಅವಳ ಕೈಯಲ್ಲಿದ್ದ ಕಟ್ಟಿನಲ್ಲಿ ಅವನ ಚೀಟಿ ಇರಲಿಲ್ಲ. ಪಟ್ಟಿ ಅಂತಿಮವಾಗಿ ಮುಚ್ಚಿಹೋಗಿತ್ತು. ಯಾರ ಕಾಲು ಹಿಡಿದರೂ ಈಗ ಹೆಸರು ಸೇರುವಂತಿರಲಿಲ್ಲ. ಅವಳು ಹಿಂದಿನ ಓಣಿಯಿಂದ ಇಳಿದು ಹೋದಳು.

ಹೇಳಿಕೊಳ್ಳೋಣವೆಂದರೆ ಯಾರಿಗೆ? ಅವನು ಓಟು ಹಾಕಲು ಬಾರದಿರಲಿ ಎಂದು ಒಮ್ಮೆ ಬೇಡಿಕೊಂಡು, ಬೇಡಿದ್ದಕ್ಕೇ ನಾಚಿದಳು.

ಮತದಾನದ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಶಾಲೆಯ ಅಂಗಳದಲ್ಲಿ ಮೇಜು ಹಾಕಿ ಪಟ್ಟಿ ಬಿಚ್ಚುವ ಹೊತ್ತಿಗೆ ಕೋದಂಡಪ್ಪ ಗೇಟಿನ ಹತ್ತಿರ ನಿಂತಿದ್ದ. ಎಲ್ಲರಿಗಿಂತ ಮೊದಲು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಹತ್ತಿರ ಬಂದು ಪ್ಲಾಸ್ಟಿಕ್ ಚೀಲದಿಂದ ಹಳೆಯ ವೋಟರ್ ಕಾರ್ಡು ತೆಗೆದು, ಅದರ ಜೊತೆಗೆ ನಾಲ್ಕು ಮಡಿಕೆಯ ಒಂದು ಕಾಗದವನ್ನೂ ಮೇಜಿನ ಮೇಲಿಟ್ಟ.

"ಚೀಟಿ ಇಲ್ಲೈತೆ ಟೀಚರಮ್ಮ. ಸೆಲ್ವಿ ಕೊಟ್ಲು. ಕಳೆದೋಗ್ಬಾರ್ದು ಅಂತ ಆಸ್ಪತ್ರೆ ಕಾಗದದ ಜೊತೇಲೇ ಮಡಗಿದ್ದೆ."

ಮುನಿಲಕ್ಷ್ಮಿ ಬಿಡಿಸಿ ನೋಡಿದಳು. ಅದು ಅವನ ಹೆಸರನ್ನು ತೆಗೆಯುತ್ತೇವೆ, ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ತಿಳಿಸಿ ಎಂದು ಬರೆದಿದ್ದ ನೋಟಿಸು. ಅವನಿಗೆ ಓದು ಬಾರದು. ಎಂಟು ತಿಂಗಳಿಂದ ಅದನ್ನೇ ಓಟಿನ ಚೀಟಿ ಎಂದು ಕಾಪಾಡಿಕೊಂಡು ಬಂದಿದ್ದ.

"ತಾತ, ಅಜ್ಜಿ?" ಎಂದಳು, ಬೇರೇನೂ ತೋಚದೆ.

"ಆಂಬೂರಾಗೇ ತೀರ್ಕೊಂಡ್ಲು. ಜುಲೈ ತಿಂಗ್ಳು. ಅಲ್ಲೇ ಮಣ್ಣು ಮಾಡಿ ಬಂದೆ. ಎಲ್ಲಾ ಎಲೆಕ್ಷನ್ನಾಗೂ ಇಬ್ರೂ ಮೊದ್ಲು ನಿಂತ್ಕೊಂತಿದ್ವಿ. ಅದ್ಕೇ ಬೇಗ ಬಂದೆ."

"ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ ತಾತ" ಎಂದಷ್ಟೇ ಹೇಳಿದಳು. ಬಿಟ್ಟುಹೋಗಿದೆ ಎಂದಳೇ ಹೊರತು ಯಾರು ಬಿಟ್ಟರು ಎನ್ನಲಿಲ್ಲ.

ಒಳಗೆ ಕರೆದುಕೊಂಡು ಹೋದಳು. ಮತಗಟ್ಟೆಯ ಅಧಿಕಾರಿ ಒಳ್ಳೆಯ ಮನುಷ್ಯ. ಪಟ್ಟಿಯನ್ನು ಎರಡು ಸಲ ಹುಡುಕಿ, "ಯಜಮಾನ್ರೇ, ಕಾರ್ಡಿದ್ರೆ ಸಾಲದು, ಪಟ್ಟೀಲಿ ಹೆಸರಿರಬೇಕು. ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು.

ಕೋದಂಡಪ್ಪ ಕೂಗಾಡಲಿಲ್ಲ. "ನಾನು ಇಲ್ಲೇ ಇದ್ದೀನಲ್ಲ ಸಾಮಿ" ಎಂದು ಒಂದೇ ಮಾತು ಹೇಳಿದ. ಹಿಂದಿದ್ದವರು ಸಾಲಿನಲ್ಲಿ ಮುಂದೆ ಸರಿದರು. ಅವನು ಕಾರ್ಡನ್ನೂ ನೋಟಿಸನ್ನೂ ಮತ್ತೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಗೇಟು ದಾಟಿ ಹೋದ.

ಆ ದಿನ ಮುನಿಲಕ್ಷ್ಮಿ ಆರುನೂರಕ್ಕೂ ಹೆಚ್ಚು ಜನಕ್ಕೆ ಕ್ರಮಸಂಖ್ಯೆ ಹುಡುಕಿಕೊಟ್ಟಳು. ವೀಲ್‌ಚೇರ್ ತಳ್ಳಿದಳು, ನೀರಿನ ಕ್ಯಾನ್ ತರಿಸಿದಳು. ಬಿಸಿಲಿಗೆ ತಗಡಿನ ಚಪ್ಪರ ಕಾದು ತಲೆ ಸಿಡಿಯುತ್ತಿತ್ತು. ಡ್ಯೂಟಿಯಲ್ಲಿರುವವರು ಅದೇ ಮತಗಟ್ಟೆಯಲ್ಲಿ ಓಟು ಹಾಕಬಹುದೆಂಬ ಪ್ರಮಾಣಪತ್ರ ಅವಳ ಬ್ಯಾಗಿನಲ್ಲಿತ್ತು. ಸಂಜೆಯವರೆಗೂ ಅದನ್ನು ಮುಟ್ಟಲಿಲ್ಲ. ಒಬ್ಬನ ಓಟು ಕಳೆದು ತಾನು ಹೇಗೆ ಹಾಕುವುದು ಎನಿಸುತ್ತಿತ್ತು. ಹಾಕದಿದ್ದರೆ ಕಳೆದದ್ದು ಎರಡು ಓಟಾಗುತ್ತದೆಯೇ ಹೊರತು ಅವನದು ಬರುವುದಿಲ್ಲ ಎಂದೂ ಹೊಳೆಯಿತು. ಆರಕ್ಕೆ ಹತ್ತು ನಿಮಿಷವಿರುವಾಗ ಎದ್ದು ಹೋಗಿ ಗುಂಡಿ ಒತ್ತಿದಳು. ಯಂತ್ರ ಉದ್ದಕ್ಕೆ ಕೂಗಿ ನಿಂತಿತು.

ಪೆಟ್ಟಿಗೆಗಳಿಗೆ ಸೀಲು ಹಾಕುವ ಹೊತ್ತಿಗೆ ಅವಳು ಆ ಲೈನಿನ ಕಡೆ ನಡೆದಳು. ಕೋದಂಡಪ್ಪ ಅದೇ ಬಿಳಿ ಅಂಗಿಯಲ್ಲಿ ಹೊಸ್ತಿಲ ಮೇಲೆ ಕುಳಿತಿದ್ದ. ಅವಳು ಮಸಿ ಹಚ್ಚಿದ ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು, ಆದರೂ ಅವನ ಕಣ್ಣಿಗೆ ಬಿತ್ತು.

"ಓಟಾಕ್ದ್ಯಾ?"

"ಆಕ್ದೆ ತಾತ."

"ಒಳ್ಳೇದಾಯ್ತು ಬಿಡು."

ಅವಳು ನಿಂತೇ ಎಲ್ಲ ಹೇಳಿದಳು. ಎರಡು ಸಲ ಬಂದಿದ್ದು, ಮೂರನೆಯ ಸಲ ಬಾರದೆ ಬಂದೆನೆಂದು ಬರೆದದ್ದು, ಅವನು ಚೀಟಿಯೆಂದು ಇಟ್ಟುಕೊಂಡ ಕಾಗದ ಯಾವುದೆಂಬುದು. ಸುಳ್ಳು ತಾರೀಖು ಯಾವುದೆಂದು ಅವನು ಕೇಳಿದ. ಮೊಹರಂ ಮಾರನೆಯ ಭಾನುವಾರ ಎಂದಳು.

ಕೋದಂಡಪ್ಪ ಬಾಗಿಲ ಕಡೆ ತಿರುಗಿ ನೋಡಿದ.

"ಅವತ್ತು ಮನೇಲೇ ಇದ್ದೆ ಕಣಮ್ಮ" ಎಂದ. "ಅವಳ ಕಾರ್ಯ ಮುಗಿಸ್ಕೊಂಡು ಮುಂಚಿನ ದಿನ ಸಾಯಂಕಾಲ ಬಂದಿದ್ದೆ. ಸೆಲ್ವಿನೂ ಊರಾಗಿರ್ಲಿಲ್ಲ. ಮಳೇಲೂ ಬಾಗ್ಲು ತೆಗ್ದಿಟ್ಟು ಕೂತಿದ್ದೆ. ಯಾರಾನ ಬಂದು ಒಂದ್ ಮಾತಾಡ್ಸಿದ್ರೆ ಸಾಕು ಅಂತ."

ಮುನಿಲಕ್ಷ್ಮಿ ಅಲ್ಲೇ ನೆಲದ ಮೇಲೆ ಕುಳಿತಳು. ಅವಳು ಅಳುವುದನ್ನು ಅವನು ತಡೆಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಏಳಮ್ಮ, ಓಗು. ಕತ್ತಲಾದ್ರೆ ಆಟೋ ಸಿಕ್ಕಲ್ಲ" ಎಂದ.

ಸೋಮವಾರ ಅವಳು ನಡೆದದ್ದನ್ನೆಲ್ಲ ಬರೆದು ಮೇಲ್ವಿಚಾರಕ ರಾಜ್‌ಕುಮಾರ್ ಕೈಗೆ ಕೊಟ್ಟಳು. "ಯಾರೂ ದೂರು ಕೊಟ್ಟಿಲ್ಲ ಮೇಡಂ, ನೀವೇ ಯಾಕೆ ತಲೆ ಕೊಡ್ತೀರಾ?" ಎಂದು ಅವನು ಕಾಗದವನ್ನು ವಾಪಸು ನೂಕಿದ. ಅವಳು ತೆಗೆದುಕೊಳ್ಳಲಿಲ್ಲ. ಕಾರಣ ಕೇಳಿ ನೋಟಿಸು ಬಂತು, ಆಮೇಲೆ ಎಚ್ಚರಿಕೆಯ ಪತ್ರ. ಮುಂದಿನ ಸಭೆಯಲ್ಲಿ ಬೇರೆ ಟೀಚರುಗಳು ಅವಳ ಪಕ್ಕದ ಕುರ್ಚಿ ಖಾಲಿ ಬಿಟ್ಟು ಕುಳಿತರು. ಇವಳಿಂದ ಎಲ್ಲರ ಭೇಟಿಗಳನ್ನೂ ಪರಿಶೀಲಿಸುತ್ತಾರಂತೆ ಎಂಬ ಕೋಪ ಅವರಿಗೆ.

ಕೋದಂಡಪ್ಪನ ಹೆಸರು ಸೇರಿಸುವ ಅರ್ಜಿಯನ್ನು ಅವಳೇ ತುಂಬಿದಳು. ಸೆಪ್ಟೆಂಬರ್‌ನಲ್ಲಿ ಹೊಸ ಕಾರ್ಡು ಬಂತು. ಒಯ್ದು ಕೊಟ್ಟಾಗ ಅವನು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ.

"ಇದ್ರಾಗೆ ಏನ್ ಬರೆದೈತೆ, ಓದು."

ಅವಳು ಓದಿದಳು. ಅವನ ಹೆಸರು, ಅಪ್ಪನ ಹೆಸರು, ಮನೆ ನಂಬರು, ಲೈನು, ನಂದಿದುರ್ಗ.

ಅವನು ಹೊಸ್ತಿಲ ಮೇಲೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದ.

"ಇನ್ನೊಂದ್ ಸಲ ಓದಮ್ಮ. ನಿಧಾನಕ್ಕೆ."