ಅಪ್ಪ ಉಟ್ಟ ಸೀರೆ

ಎಮ್ಮೆ ಅಪ್ಪನ ಸೆರಗನ್ನು ಮೂಸಿ ನೋಡಿ ಹಿಂದೆ ಸರಿಯಿತು. ಅಪ್ಪ ಮತ್ತೆ ಕೆಚ್ಚಲಿಗೆ ಕೈ ಹಾಕಿದ. ಅದು ಝಾಡಿಸಿ ಒದ್ದು ಚರಿಗೆ ಉರುಳಿಸಿತು.

ಏಕೀಕರಣವಾದ ವರ್ಷ, ಡೋಣಿ ಎಂಬ ಊರಿನ ನಮ್ಮ ಮನೆ. ತಲೆಬಾಗಿಲ ಒಳಗೆ ಮೊದಲು ದನ ಕಟ್ಟುವ ದಂದಕ್ಕಿ, ಅದರಾಚೆ ತುಸು ಎತ್ತರದಲ್ಲಿ ನಾವು ಮಲಗುವ ಪಡಸಾಲೆ. ಅವ್ವ ತೀರಿಕೊಂಡು ತಿಂಗಳಾಗಿತ್ತು. ಅವಳನ್ನು ಬಿಟ್ಟು ಬೇರೆ ಯಾರಿಗೂ ಎಮ್ಮೆ ಹಾಲು ಕೊಡುತ್ತಿರಲಿಲ್ಲ. ಕೈಗೂಸು ತಮ್ಮನಿಗೆ ಅದೇ ಹಾಲು ಆಧಾರ. ಹಾಗಾಗಿ ಅಪ್ಪ ದಿನಾ ಧೋತರದ ಮೇಲೆ ಅವ್ವನ ಹಳೇ ಸೀರೆ ಸುತ್ತಿಕೊಂಡು, ತಲೆ ತುಂಬ ಸೆರಗು ಹೊದ್ದು ಹಿಂಡಲು ಕುಳಿತುಕೊಳ್ಳುತ್ತಿದ್ದ. ಎಮ್ಮೆ ಅವನನ್ನು ಮೂಸಿ, ಸುಮ್ಮನೆ ಹಾಲು ಇಳಿಸುತ್ತಿತ್ತು.

ಸೀರೆ ಸಗಣಿ ನಾರುತ್ತಿದೆಯೆಂದು, ಎಮ್ಮೆ ಒದ್ದ ಹಿಂದಿನ ದಿನ ನಾನೇ ಅದನ್ನು ಹಳ್ಳಕ್ಕೆ ಒಯ್ದು, ಸಾಬೂನು ಹಚ್ಚಿ ಒಗೆದು ತಂದಿದ್ದೆ. ಅವ್ವನ ಸೀರೆ ಚೊಕ್ಕ ಇರಲೆಂಬುದು ಹತ್ತು ವರ್ಷದ ನನ್ನ ಆಸೆ.

"ಸೀರಿ ನೀ ಒಗದಿ ಏನವಾ?" ಎಂದು ಅಪ್ಪ ಕೇಳಿದ.

ಹೂಂ ಅಂದೆ. ಅವನು ಬೈಯಲಿಲ್ಲ. ಸೆರಗನ್ನು ಮೂಗಿಗೆ ಹಿಡಿದುಕೊಂಡು ಮತ್ತೆ ಮತ್ತೆ ಮೂಸಿದ.

"ನಿಮ್ಮವ್ವ ಇವತ್ತ ಹೋದ್ಲು ನೋಡು," ಅಂದ.

ಎಮ್ಮೆ ಮತ್ತೆ ಹಾಲು ಇಳಿಸಲೇ ಇಲ್ಲ. ತಮ್ಮನನ್ನು ನೆರೆಮನೆಯ ಆಡಿನ ಹಾಲು ಉಳಿಸಿತು. ಆ ಸೀರೆ ಇಂದಿಗೂ ನನ್ನ ಟ್ರಂಕಿನಲ್ಲಿದೆ. ತೆಗೆದು ಮೂಸಿದರೆ ಹಳೇ ಬಟ್ಟೆಯ ವಾಸನೆ, ಅಷ್ಟೇ. ಅವ್ವನ ವಾಸನೆ ಹೇಗಿತ್ತೆಂದು ಎಮ್ಮೆಗೆ ನೆನಪಿತ್ತು, ನನಗಿಲ್ಲ.