ಬಿಜ್ಜವ್ವನಿಗೆ ಉಡಿ ತುಂಬಿದ್ದು

ಬೆಳಿಗ್ಗೆ ಕಸದ ಡಬ್ಬ ಹೊರಗಿಡಲು ಹೋದಾಗ ಹಸಿ ಮರದ ವಾಸನೆ ಮೂಗಿಗೆ ಬಡಿಯಿತು. ಆಗಷ್ಟೇ ಗರಗಸ ಹಾಕಿದ ಪೈನ್ ಮರದ್ದು. ನಮ್ಮ ಹಿತ್ತಲ ಬೇಲಿಯಾಚೆ ಮೊನ್ನೆ ಮೊನ್ನೆಯವರೆಗೂ ಹುಲ್ಲುಗಾವಲಿತ್ತು, ಹಸುಗಳಿದ್ದವು. ಈಗ ಒಂದು ತುದಿಯಲ್ಲಿ ಮನೆಗಳು ಎದ್ದು ಜನ ಬರಲು ಶುರುವಾಗಿದೆ, ಇನ್ನೊಂದು ತುದಿಯಲ್ಲಿ ಬರೀ ಮರದ ಚೌಕಟ್ಟುಗಳು ನಿಂತಿವೆ. ಹ್ಯೂಸ್ಟನ್ನಿನ ಈ ಸೈಪ್ರೆಸ್ ಕಡೆ ಬಂದಿದ್ದರೆ ನಿಮಗೂ ಗೊತ್ತಿರುತ್ತದೆ, ಇಲ್ಲಿ ಮನೆ ಕಟ್ಟುವುದೆಂದರೆ ನಮ್ಮ ಮೈಸೂರಿನ ಹಾಗೆ ಮೇಸ್ತ್ರಿಯ ಹಿಂದೆ ಓಡಾಡಿ, ಗೃಹಪ್ರವೇಶದ ಹೊತ್ತಿಗೆ ಗಂಡ ಹೆಂಡತಿ ಮಾತು ಬಿಡುವ ವ್ಯವಹಾರವಲ್ಲ. ರಜೆಗೆ ಹೋಗಿ ಬರುವಷ್ಟರಲ್ಲಿ ಒಂದು ಬೀದಿಯೇ ಎದ್ದಿರುತ್ತದೆ.

ನಾವು ಬಂದಾಗ ನಮ್ಮ ಬೀದಿಯೂ ಇದೇ ವಾಸನೆ ಹೊಡೆಯುತ್ತಿತ್ತು. ಕೋಲಿಗೆ ಕಟ್ಟಿದ ಬಡಕಲು ಗಿಡಗಳು, ಚಾಪೆಯಂತೆ ಸುತ್ತಿಕೊಂಡು ತಂದು ಹಾಸಿದ ಹುಲ್ಲು. ಬಿಲ್ಡರನಿಗೆ ಐರ್ಲೆಂಡಿನ ಮೇಲೆ ಏಕೆ ಮೋಹ ಹುಟ್ಟಿತೋ ದೇವರೇ ಬಲ್ಲ, ಬೀದಿಗಳಿಗೆಲ್ಲ ಗಾಲ್ವೇ, ಕೆರ್ರಿ, ಶಾನನ್ ಎಂದು ಹೆಸರಿಟ್ಟಿದ್ದ. ವಾಸಕ್ಕೆ ಬಂದವರು ಮಾತ್ರ ಮೈಸೂರು, ಉಡುಪಿ, ಹೈದರಾಬಾದು, ಲಾಗೋಸ್ ಕಡೆಯವರು. ಸಂಜೆ ಗಾಲ್ವೇಯಲ್ಲಿ ಮೆಂತ್ಯದ ಹುಳಿ ಕುದಿಯುತ್ತಿತ್ತು. ಆದರೆ ಅದು ಯಾರ ಮನೆಯ ಹುಳಿ ಎಂದು ಕೇಳಿದರೆ ಹೇಳುವವರಿಲ್ಲ. ಗ್ಯಾರೇಜಿನ ಬಾಗಿಲು ಏಳುತ್ತಿತ್ತು, ಕಾರು ಒಳಗೆ ಹೋಗುತ್ತಿತ್ತು, ಬಾಗಿಲು ಬೀಳುತ್ತಿತ್ತು, ಅಷ್ಟೇ ನಮ್ಮ ಸಮಾಜ ಜೀವನ. ಹುಲ್ಲು ಎಷ್ಟೆತ್ತರ ಇರಬೇಕೆಂದು ಹೇಳಲು ಬಡಾವಣೆಯ ಸಂಘವಿತ್ತು. ಪಕ್ಕದ ಮನೆಯವರ ಹೆಸರೇನು ಎಂದು ಹೇಳಲು ಯಾವ ಸಂಘವೂ ಇರಲಿಲ್ಲ.

ಇಂಥಲ್ಲಿಗೆ ಬಂದವರು ನನ್ನ ಅತ್ತೆ ಸುಶೀಲಾಬಾಯಿ. ಧಾರವಾಡದವರು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಹಟ ಹಿಡಿದು ಕರೆಸಿಕೊಂಡ. ಅಮ್ಮ ಇನ್ನು ಮುಂದೆ ಇಲ್ಲೇ ಎಂದು ಸಿಕ್ಕವರಿಗೆಲ್ಲ ಸಾರಿದ. ಅತ್ತೆ ಏನೂ ಸಾರಲಿಲ್ಲ. ಬೆಳಿಗ್ಗೆ ಒಂದು ಸುತ್ತು ನಡೆದು ಬಂದು ಚಪ್ಪಲಿ ಬಿಡುತ್ತ ಕೇಳುತ್ತಿದ್ದರು:

"ಏನವಾ ಇದು, ಮನಿ ಅವ, ಮಂದಿ ಎಲ್ಲಿ ಹೋಗ್ಯಾರ?"

"ಎಲ್ಲಾ ಆಫೀಸಿಗೆ ಹೋಗಿದಾರೆ ಅತ್ತೆ."

"ಆದಿತ್ಯವಾರನೂ?"

ನಾನು ಕಾಫಿ ಬೆರೆಸುವ ನೆವದಲ್ಲಿ ಅಡಿಗೆಮನೆ ಸೇರುತ್ತಿದ್ದೆ. ಬೇರೆ ದಾರಿಯೇನಿತ್ತು?

ಕೊನೆಗೆ ಆ ಬೀದಿಯಲ್ಲಿ ಅವರಿಗೆ ಸಿಕ್ಕ ಮೊದಲ ಮನುಷ್ಯಪ್ರಾಣಿಯೆಂದರೆ ಎದುರು ಮನೆಯ ಬ್ರಿಜಿಡ್ ಆಂಟಿ. ಇಡೀ ಬಡಾವಣೆಯಲ್ಲಿ ಐರ್ಲೆಂಡಿನವರು ಅಂತಿದ್ದದ್ದು ಅವರೊಬ್ಬರೇ. ಬೀದಿಯ ಹೆಸರು ನೋಡಿ ನಗು ಬಂದು ಮನೆ ಕೊಂಡೆವು ಎನ್ನುತ್ತಿದ್ದರು. ಗಂಡ ಹೋಗಿ ವರ್ಷಗಳಾಗಿದ್ದವು. ಸಂಜೆಯಾಯಿತೆಂದರೆ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು, ಹೋಗಿ ಬರುವ ಕಾರುಗಳಿಗೆಲ್ಲ ಕೈಬೀಸುತ್ತ ಕೂತಿರುತ್ತಿದ್ದರು. ನಾವೆಲ್ಲ ಪಾಪ, ವಯಸ್ಸಾಗಿದೆ ಅಂದುಕೊಂಡು ಹಾರ್ನ್ ಮಾಡಿ ಮುಂದೆ ಹೋಗುತ್ತಿದ್ದೆವು. ಅತ್ತೆಗೆ ಕಾರಿಲ್ಲವಲ್ಲ, ನಿಂತರು. ಮರುದಿನ ಅಲ್ಲಿ ಎರಡು ಕುರ್ಚಿ ಕಂಡವು. ಬ್ರಿಜಿಡ್ ಎನ್ನುವುದು ಅತ್ತೆಯ ನಾಲಿಗೆಗೆ ಹೊರಳದೆ ವಾರದೊಳಗೆ ಬಿಜ್ಜವ್ವ ಆಯಿತು. ಆ ಮುದುಕಿ ಅದಕ್ಕೂ ಓಗೊಟ್ಟಿತು.

ಇವರ ಮಧ್ಯೆ ದುಭಾಷಿ ನಾನು. ಆಫೀಸಿನ ಕ್ಲೈಂಟುಗಳ ಜೊತೆ ದಿನವಿಡೀ ಫೋನಿನಲ್ಲಿ ಇಂಗ್ಲಿಷ್ ಉದುರಿಸುವ ನನಗೆ ಬಿಜ್ಜವ್ವನ ಇಂಗ್ಲಿಷ್ ಅರ್ಧಕ್ಕರ್ಧ ತಲೆಯ ಮೇಲೆ ಹೋಗುತ್ತಿತ್ತು. ನಾನು ತಡವರಿಸುವಷ್ಟರಲ್ಲಿ ಅತ್ತೆ "ತಿಳೀತು ಬಿಡು" ಅನ್ನುತ್ತಿದ್ದರು. ನಿಜಕ್ಕೂ ತಿಳಿದಿರುತ್ತಿತ್ತು!

ಒಂದು ಸಂಜೆ ಬಿಜ್ಜವ್ವ ತಮ್ಮ ಬಡಾವಣೆಯ ಕತೆ ಹೇಳಿದರು. ಮದುವೆಯಾದ ಹೊಸತು. ಡಬ್ಲಿನ್ನಿನ ಅಂಚಿನಲ್ಲಿ ಟರ್ನಿಪ್ ಗಡ್ಡೆ ಬೆಳೆಯುತ್ತಿದ್ದ ಹೊಲಗಳನ್ನು ಸಮ ಮಾಡಿ ಸಾಲು ಮನೆ ಕಟ್ಟಿದರಂತೆ. ಮನೆ ಕೊಟ್ಟರು, ಅಂಗಡಿ ಕೊಡಲಿಲ್ಲ, ಶಾಲೆ ಕೊಡಲಿಲ್ಲ, ಬಸ್ಸು ಕೊಡಲು ಮರೆತೇಬಿಟ್ಟರು. ಗಂಡಸರು ಕೆಲಸಕ್ಕೆ ಹೋದ ಮೇಲೆ ಕೆಸರಿನಲ್ಲಿ ಹೆಂಗಸರು, ಕೂಸುಗಳು. "ಅತ್ತು ಅತ್ತು ಸಾಕಾಗಿ ಒಂದು ದಿನ ಹೊರಗೆ ಬಂದೆವು. ತಳ್ಳುಗಾಡಿಗಳಲ್ಲಿ ಕೂಸುಗಳನ್ನು ಹಾಕಿಕೊಂಡು ಹೆದ್ದಾರಿಗೆ ಅಡ್ಡ ನಿಂತೆವು. ಬಸ್ಸು ಬಂತು. ಆಮೇಲೆ ಒಬ್ಬಳ ಮುಂದಿನ ಕೋಣೆಯಲ್ಲಿ ಶಾಲೆ ಶುರು ಮಾಡಿದೆವು, ಇನ್ನೊಬ್ಬಳ ಶೆಡ್ಡಿನಲ್ಲಿ ಪ್ರಾರ್ಥನೆ."

ಅತ್ತೆ ತೊಡೆ ತಟ್ಟಿ ನಕ್ಕರು. "ನಮ್ಮ ಓಣ್ಯಾಗೂ ಹಂಗ ಇತ್ತು. ನಳ ಹಾಕಿದ್ರು, ನೀರು ಬಿಟ್ಟಿದ್ದಿಲ್ಲ. ಹೆಣ್ಮಕ್ಕಳೆಲ್ಲ ಖಾಲಿ ಕೊಡ ತಗೊಂಡು ಮುನಸಿಪಾಲ್ಟಿಗೆ ಹೋಗಿ ಸೌಟಿನಿಂದ ಬಾರಿಸಿದ್ವಿ. ಸಾಹೇಬ ಊಟಾ ಬಿಟ್ಟು ಓಡಿ ಬಂದ. ಅಕಿಗೆ ಹೇಳು!"

ಹೇಳಿದೆ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅತ್ತೆ ಇನ್ನು ಇಲ್ಲಿ ಬೇರೂರಿದರು ಅಂತ ನಾನು ನಿರಾಳವಾದೆ. ಬಡ್ಡಿಮಗಂದು, ಯಾವತ್ತು ನಿರಾಳವಾದರೂ ನನಗೆ ಹೀಗೇ ಆಗುವುದು. ಶ್ರಾವಣದಲ್ಲಿ ಒಂದು ದಿನ ಅತ್ತೆ ಹೂರಣಕ್ಕೆ ಕಡಲೆಬೇಳೆ ಆರಿಸುತ್ತ, ತಲೆ ಎತ್ತದೆ ಹೇಳಿದರು: "ಗೌರಿ ಗಣಪತಿ ಮುಗೀಲಿ. ನನಗ ತಿಕೀಟು ತಗಸ್ರಿ. ಹುಬ್ಬಳ್ಳ್ಯಾಗ ತಂಗಿ ಮನೀಗೆ ಹೋಗ್ತೀನಿ. ಮತ್ತ ಬರಂಗಿಲ್ಲ."

"ಯಾಕತ್ತೆ? ಬಿಜ್ಜವ್ವ ಇದಾರಲ್ಲ?"

"ಒಬ್ಬಾಕಿ ಅದಾಳ, ಖರೆ. ಒಬ್ಬಾಕಿಯಿಂದ ಊರು ಆಗ್ತದೇನು? ನಿಮ್ಮ ಮಂದಿ ನಡುವ ನಾ ಯಾರು? ಹೋಳಿಗಿ ಮಾಡಿಡಾಕಿ."

ಗಂಡನಿಗೆ ಹೇಳಿದೆ. ಅವನು ಊಟ ಬಿಟ್ಟು ಎದ್ದುಹೋದ. ತಾಯಿಯ ಹತ್ತಿರ ಜಗಳ ಮಾಡಿದ, ಬೇಡಿಕೊಂಡ, ಅತ್ತೆ ಹೂಂ ಎನ್ನಲಿಲ್ಲ. ಅಷ್ಟರೊಳಗೆ ನಮ್ಮ ಬಡಾವಣೆ ಮೊದಲಿನ ಹಾಗಿರಲಿಲ್ಲ ಎನ್ನುವುದನ್ನೂ ನಿಮಗೆ ಹೇಳಬೇಕು. ಕನ್ನಡದವರೇ ಬೇಕಾದಷ್ಟು ಮನೆಯಾಗಿ, ಉಗಾದಿ, ಗೌರಿ, ನವರಾತ್ರಿ ಅಂತ ಹೆಂಗಸರು ಸೇರುತ್ತಿದ್ದೆವು. ಇದಕ್ಕೆಲ್ಲ ಮುಂದಾಳು ಪದ್ಮಕ್ಕ. ಕಾಪೆಲ್ ಎನ್ನುವ ಊರಿನಿಂದ ಶಿಫ್ಟ್ ಆಗಿ ಬಂದವರು, ನಮ್ಮ ಪಾಲಿನ ಶಾಸ್ತ್ರದ ಸುಪ್ರೀಂ ಕೋರ್ಟು. ಬಾಯಿ ಜೋರು, ಕರುಳು ಮೆತ್ತಗೆ. ಬಿಜ್ಜವ್ವನ ಗಂಡನ ಸಮಾಧಿಗೆ ಹೂವಿಡಲು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗಿ ಬಂದವರು ಅವರೇ.

ಆ ವರ್ಷ ಗೌರಿ ನಮ್ಮ ಮನೆಯಲ್ಲಿ. ಅತ್ತೆ ಬೆಳಗಿನಿಂದ ನಿಂತು ಹೋಳಿಗೆ, ಕಡುಬು, ಕೋಸಂಬರಿ ಎಲ್ಲ ಮಾಡಿ ಮುಗಿಸಿದರು. ಕರೆಗಂಟೆ ಆಗುತ್ತಿದ್ದಂತೆ ಸೆರಗಿಗೆ ಕೈ ಒರೆಸಿಕೊಂಡು ಮಹಡಿ ಹತ್ತಿದರು. ನಾನು ತಡೆದರೆ "ಮುತ್ತೈದೇರು ಕೂಡೋ ಹೊತ್ತು, ನಂದೇನದ ಅಲ್ಲೆ" ಅಂದರು. ಪ್ರತಿ ಹಬ್ಬಕ್ಕೂ ಹೀಗೇ. ಬಂದವರೂ ಹೋಳಿಗೆ ಹೊಗಳುತ್ತಿದ್ದರು, ಮಾಡಿದವರೆಲ್ಲಿ ಎಂದು ಕೇಳುತ್ತಿರಲಿಲ್ಲ.

ಬಿಜ್ಜವ್ವನನ್ನೂ ಕರೆದಿದ್ದೆ. ಹಸಿರು ಗೌನು ತೊಟ್ಟು ಬಂದರು. ಅವರನ್ನು ಕಂಡು ನಮ್ಮ ಹೆಂಗಸರಿಗೆ ಉತ್ಸಾಹವೋ ಉತ್ಸಾಹ. ಗೌರಿಯ ಮುಂದೆ ಮಣೆ ಹಾಕಿ ಕೂಡಿಸಿದರು. ಪದ್ಮಕ್ಕ ತಾವೇ ಮುಂದಾಗಿ ಕೆನ್ನೆಗೆ ಅರಿಶಿನ ಹಚ್ಚಿ, ಹಣೆಗೆ ದುಂಡಗೆ ಕುಂಕುಮವಿಟ್ಟು, ಬಿಳಿಗೂದಲಿಗೆ ಹೂ ಸಿಕ್ಕಿಸಿ, ಮಡಿಲಿಗೆ ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಹಾಕಿ ಉಡಿ ತುಂಬಿದರು. ಫೋಟೋ ತೆಗೆದದ್ದೇ ತೆಗೆದದ್ದು. ಬಿಜ್ಜವ್ವ ಸುತ್ತ ನೋಡಿ ಕೇಳಿದರು:

"ಸುಶೀಲಾ ಎಲ್ಲಿ?"

ಹೆಂಗಸರೆಲ್ಲ ಪದ್ಮಕ್ಕನ ಕಡೆ ನೋಡಿದರು. ಅವರೇ ಇಂಗ್ಲಿಷಿನಲ್ಲಿ ವಿವರಿಸಿದರು. ಸುಶೀಲಾ ಆಂಟಿಗೆ ಗಂಡ ಇಲ್ಲ, ಇದು ಗಂಡ ಇರುವವರ ಪೂಜೆ, ನಮ್ಮಲ್ಲಿ ಹಾಗೆ.

"ನನ್ನ ಗಂಡನೂ ಸತ್ತಿದ್ದಾನಲ್ಲ, ಪದ್ಮಾ," ಅಂದರು ಬಿಜ್ಜವ್ವ.

ಅಯ್ಯೋ! ಆ ಕ್ಷಣ ನೀವು ಪದ್ಮಕ್ಕನ ಮುಖ ನೋಡಬೇಕಿತ್ತು. ನನ್ನದನ್ನೂ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಆದರೆ ಶಾಸ್ತ್ರದ ಕಣ್ಣಿಗೆ ಬಿಜ್ಜವ್ವ ಬಿದ್ದೇ ಇರಲಿಲ್ಲ. ನೆರೆಯವರು, ಹಬ್ಬಕ್ಕೆ ಬಂದಿದ್ದಾರೆ, ಹಚ್ಚಿದೆವು. ವಿಧವೆ ಎನ್ನುವ ಮಾತನ್ನು ನಾವು ನಮ್ಮವರಿಗೆಂದೇ ಮೀಸಲಿಟ್ಟಿದ್ದೆವು.

ಬಿಜ್ಜವ್ವ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದವರೇ ಮೆಟ್ಟಿಲು ಹತ್ತಿದರು. ಬಿದ್ದಾರು ಎಂಬ ಹೆದರಿಕೆಗೆ ನಾನೂ ಹಿಂದೆ ಹೋದೆ, ನನ್ನ ಹಿಂದೆ ಪದ್ಮಕ್ಕ. ಅತ್ತೆ ಮಂಚದ ತುದಿಯಲ್ಲಿ ಸುಮ್ಮನೆ ಕೂತಿದ್ದರು. ಬಿಜ್ಜವ್ವನ ವೇಷ ನೋಡಿ ಮುಖ ಅರಳಿತು. "ಅಗದಿ ಲಕ್ಷ್ಮೀ ಹಂಗ ಕಾಣ್ತೀ!" ಅಂದರು.

"ಕೆಳಗೆ ಬಾ ಅಂತ ಹೇಳು," ಬಿಜ್ಜವ್ವ ನನಗೆ ಹೇಳಿದರು.

"ನನಗ ನಡೆಯಂಗಿಲ್ಲ ಅಂತ ಹೇಳು," ಅತ್ತೆ ಹೇಳಿದರು.

"ಹಾಗಾದರೆ ನನಗೂ ನಡೆಯುವುದಿಲ್ಲ," ಅಂದ ಬಿಜ್ಜವ್ವ ಗೌನಿನ ಜೇಬಿನಿಂದ ಕರವಸ್ತ್ರ ತೆಗೆದು ಹಣೆಗೆ ಒಯ್ದರು. ಅತ್ತೆ ಛಂಗನೆ ಎದ್ದು ಆ ಕೈ ಹಿಡಿದುಕೊಂಡರು.

"ಹುಚ್ಚಿ! ಹಬ್ಬದ ದಿನಾ ಯಾರರೆ ಹಣಿ ಬರಿದು ಮಾಡ್ಕೋತಾರೇನು?"

ಅಂದುಬಿಟ್ಟರು. ಅಂದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಬಿಜ್ಜವ್ವನ ಕೈ ಬಿಡದೆ ನಿಂತೇ ಇದ್ದರು. ನಾನು ಅನುವಾದ ಮಾಡಲಿಲ್ಲ. ಯಾರಿಗೂ ಬೇಕಾಗಿರಲಿಲ್ಲ.

ಪದ್ಮಕ್ಕ ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಯಾವಾಗ ಎತ್ತಿಕೊಂಡು ಬಂದರೋ ತಿಳಿಯದು. ಅತ್ತೆ ಅವರನ್ನು ನೋಡಿದರು. "ಪದ್ಮಾ, ನಿಮ್ಮವ್ವನೂ ಹಿಂಗ ಒಳಗ ಕೂಡ್ತಿದ್ದಳೇನು?"

"ಕೂತಿರ್ತಿದ್ರು ಆಂಟಿ. ಕತ್ಲೆ ರೂಮಲ್ಲಿ. ನಾನು ಒಂದ್ ಸಲಾನೂ ಹೋಗಿ ಕರೀಲಿಲ್ಲ," ಅಂದ ಪದ್ಮಕ್ಕ ಚಿಕ್ಕ ಹುಡುಗಿಯಂತೆ ಬಿಕ್ಕಿದರು.

ಅತ್ತೆ ಅವರ ಕಣ್ಣು ಒರೆಸಿ, "ಆತು, ಹಚ್ಚು" ಎಂದು ಹಣೆಯೊಡ್ಡಿದರು. ಕೆಳಗೆ ಬಂದು ಬಿಜ್ಜವ್ವನ ಪಕ್ಕ ಮಣೆಯ ಮೇಲೆ ಕೂತು, ಮೊದಲು ಮಾಡಿದ ಕೆಲಸವೆಂದರೆ ತೆಂಗಿನಕಾಯಿಯನ್ನು ತಪ್ಪು ದಿಕ್ಕಿಗಿಟ್ಟು ಉಡಿ ತುಂಬಿದ್ದೀರೆಂದು ನಮ್ಮನ್ನೆಲ್ಲ ಬೈದದ್ದು. ತಿಕೀಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಹೋದ ವರ್ಷ ಬಿಜ್ಜವ್ವ ಆಸ್ಟಿನ್‌ನಲ್ಲಿರುವ ಮಗನ ಮನೆಗೆ ಹೋದರು. ಅತ್ತೆ ಅತ್ತರು. ಈಗ ಫೋನಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ, ಅವರು ಅವರದರಲ್ಲಿ, ಇವರು ಇವರದರಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ.

ಇವತ್ತು ನಾನು ಕಸದ ಡಬ್ಬದ ಪಕ್ಕ ನಿಂತು ಇದನ್ನೆಲ್ಲ ನೆನೆಯುತ್ತಿದ್ದಾಗ ಅತ್ತೆ ಸೀರೆಯ ಕೆಳಗೆ ಶೂ ಹಾಕಿಕೊಂಡು, ಕೈಯಲ್ಲಿ ಅವಲಕ್ಕಿಯ ಡಬ್ಬಿ ಹಿಡಿದು ಹೊರಟರು. ಹಿಂದಿನ ಹೊಸ ಮನೆಗೆ ಯಾರೋ ಬಂದಿದ್ದಾರಂತೆ.

"ಯಾರು ಏನು ಅಂತ ಗೊತ್ತಿಲ್ದೆ ಹೆಂಗೆ ಹೋಗೋದು ಅತ್ತೆ?"

"ಒಬ್ಬಾಕಿ ಮುದುಕಿ ಗ್ಯಾರೇಜಿನಾಗ ಒಬ್ಬಾಕೀನ ಕುಂತಾಳ. ನಿನ್ನೆ ನೋಡೇನಿ. ಮತ್ತೇನು ಗೊತ್ತಾಗಬೇಕು?"

ನಾನೂ ಹಿಂದೆ ನಡೆದೆ. ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ಸಣ್ಣಗಿನ ಹೆಂಗಸೊಬ್ಬರು, ವಿಯೆಟ್ನಾಮಿನವರಿರಬೇಕು, ಮುದುಡಿ ಕೂತಿದ್ದರು. ಒಳಗಿನಿಂದ ಮಗಳು ಬಂದು ಡಬ್ಬಿ ಇಸಿದುಕೊಂಡು, ಅತ್ತೆಯ ಸೀರೆ, ಹಣೆಯ ಕುಂಕುಮ ನೋಡಿ ನಕ್ಕು, ನೀವು ಎಲ್ಲಿಯವರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಇಂಡಿಯಾ ಎನ್ನಲು ಬಾಯಿ ತೆರೆದೆ. ಅತ್ತೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ನಾ ಇಲ್ಲಿಯಾಕಿ ಅಂತ ಹೇಳವಾ," ಅಂದರು. "ಇದ ಊರಾಕಿ."